ಪ್ಲೇಗ್ ಬರೆದ ಬೆಂಗಳೂರಿನ ನಕ್ಷೆ

ಬೆಂಗಳೂರಿಗೆ ಬಂದ ನೆಂಟರನ್ನು ಎಲ್ಲಿಗೆ ಕರೆದೊಯ್ಯುವುದು? ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್, ಆಮೇಲೆ ಗಾಂಧಿ ಬಜಾರಿನಲ್ಲಿ ಒಂದು ಮಸಾಲೆ ದೋಸೆ. ತಿಪಟೂರಿನಿಂದ ಬಂದ ಅಣ್ಣನ ಮಗಳ ಮುಂದೆ ನಾನು ಈ ಪಟ್ಟಿಯನ್ನೇ ಒಪ್ಪಿಸಿದೆ. ಅವಳು ಪಿಯುಸಿ ಮುಗಿಸಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಹುಡುಗಿ. ‘ಅದೆಲ್ಲ ನೋಡಿದ್ದೀನಿ ಚಿಕ್ಕಪ್ಪ. ಹಿಂದೆ ಪ್ಲೇಗ್ ಬಂದಾಗ ಈ ಊರು ಏನು ಮಾಡಿತು? ಅದನ್ನ ತೋರಿಸ್ತೀಯಾ?’ ಎಂದಳು.

ಅವಳು ಯಾಕೆ ಕೇಳುತ್ತಿದ್ದಾಳೆಂಬುದು ನನಗೆ ಗೊತ್ತಿತ್ತು. 2021ರ ಮೇ ತಿಂಗಳಲ್ಲಿ ಅಣ್ಣನಿಗೆ ಉಸಿರು ಕಟ್ಟಿತು. ಅವನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೂರು ಆಸ್ಪತ್ರೆಗಳ ಬಾಗಿಲು ಬಡಿದೆವು. ಹಾಸಿಗೆ ಇದ್ದಲ್ಲಿ ಆಮ್ಲಜನಕವಿಲ್ಲ, ಆಮ್ಲಜನಕ ಇದ್ದಲ್ಲಿ ಹಾಸಿಗೆ ಇಲ್ಲ. ನಾಲ್ಕನೆಯ ಆಸ್ಪತ್ರೆಯವರು ಹೇಗೋ ಜಗುಲಿಯಲ್ಲಿ ಒಂದು ಮಂಚ ಹಾಕಿಕೊಟ್ಟರು. ಮೂರನೆಯ ದಿನ ಎಲ್ಲ ಮುಗಿಯಿತು. ಆಗ ಇವಳಿಗೆ ಹದಿಮೂರು ವರ್ಷ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೇ ನಾವಿಬ್ಬರೂ ಕೃಷ್ಣರಾಜ ಮಾರುಕಟ್ಟೆಯಲ್ಲಿ ಬಸ್ಸಿಳಿದೆವು. ಸೇವಂತಿಗೆ ರಾಶಿಗಳ ಮಧ್ಯೆ ದಾರಿ ಮಾಡಿಕೊಂಡು, ಟಿಪ್ಪುವಿನ ಬೇಸಿಗೆ ಅರಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದರೆ ವಿಕ್ಟೋರಿಯಾ ಆಸ್ಪತ್ರೆ.

ಪ್ಲೇಗ್ ಬಂದದ್ದರಿಂದಲೇ ಈ ಆಸ್ಪತ್ರೆ ಕಟ್ಟಿದರು ಎಂದು ಅನೇಕರು ಹೇಳುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ತಾರೀಖುಗಳನ್ನು ಜೋಡಿಸಿ ನೋಡಿ: ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಶಂಕುಸ್ಥಾಪನೆ ಮಾಡಿದ್ದು 1897ರ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ನೆನಪಿಗೆ. ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿದ್ದು 1898ರ ಆಗಸ್ಟ್‌ನಲ್ಲಿ. ವೈಸ್‌ರಾಯ್ ಕರ್ಜನ್ ಬಂದು ಆಸ್ಪತ್ರೆಯನ್ನು ಉದ್ಘಾಟಿಸಿದ್ದು 1900ರ ಡಿಸೆಂಬರ್ 8ರಂದು. ಅಂದರೆ ಅಡಿಗಲ್ಲು ಬಿದ್ದಾಗ ಊರಲ್ಲಿ ರೋಗವಿರಲಿಲ್ಲ. ರೋಗ ಬಂದಾಗ ಆಸ್ಪತ್ರೆ ಇನ್ನೂ ತೆರೆದಿರಲಿಲ್ಲ!

‘ಅಂದ್ರೆ ಆಗಲೂ ಹಾಸಿಗೆ ಇರಲಿಲ್ಲ’ ಎಂದಳು ಹುಡುಗಿ. ನಾನು ಸುಮ್ಮನಾದೆ.

ಆ ಜೂನ್ 22ರ ಬಗ್ಗೆ ಇನ್ನೊಂದು ಮಾತು. ಅದೇ ದಿನ ರಾತ್ರಿ ಪುಣೆಯಲ್ಲಿ ರಾಣಿಯ ಉತ್ಸವ ಮುಗಿಸಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಪುಣೆಯಲ್ಲಿ ಸೋಲ್ಜರುಗಳು ಮನೆಗಳಿಗೆ ನುಗ್ಗಿ ದೇವರ ಕೋಣೆ, ಅಡುಗೆಮನೆ ಎನ್ನದೆ ತಡಕಾಡಿ, ಹೆಂಗಸರನ್ನೂ ಪರೀಕ್ಷೆಗೆ ಎಳೆದು ತಂದಿದ್ದ ಸಿಟ್ಟು ಅದು. ರೋಗ ತಡೆಯಲು ಸರ್ಕಾರ ಮಾಡಿದ್ದೇ ರೋಗಕ್ಕಿಂತ ಭಯಂಕರವಾಗಿ ಜನರಿಗೆ ಕಂಡಿತು. ದೇಶದ ಹಲವು ಕಡೆ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನು ರಾತ್ರಿ ಹೂತರು. ಒಂದು ಊರು ಕಲ್ಲು ಕಟ್ಟಡಕ್ಕೆ ಅಡಿಗಲ್ಲು ಹಾಕಿದ ದಿನವೇ ಇನ್ನೊಂದು ಊರಿನಲ್ಲಿ ನಂಬಿಕೆಯೆಂಬ ಕಟ್ಟಡ ಕುಸಿದಿತ್ತು.

ಹಳೆಯ ಕಟ್ಟಡದ ಎತ್ತರದ ಮಾಡು, ಅಗಲ ಜಗುಲಿಗಳನ್ನು ಹೊರಗಿನಿಂದಲೇ ನೋಡಿದೆವು. ಗಾಳಿಯಾಡಲೆಂದು ಕಟ್ಟಿದ ಜಗುಲಿಗಳು. 2020ರಲ್ಲಿ ಇದನ್ನೇ ಕೋವಿಡ್ ರೋಗಿಗಳಿಗೆ ಮೀಸಲಾದ ಆಸ್ಪತ್ರೆಯಾಗಿ ಮಾಡಿದರು. ಆಗ ಇಲ್ಲಿಗೆ ಬರುತ್ತಿದ್ದ ಇತರ ರೋಗಿಗಳು ಬೇರೆ ಬಾಗಿಲು ಹುಡುಕಬೇಕಾಯಿತು. ಇದ್ದ ಒಂದೇ ಕಂಬಳಿಯನ್ನು ಒಂದು ಮಗುವಿಗೆ ಹೊದಿಸಿದರೆ ಇನ್ನೊಂದು ಮಗು ನಡುಗುತ್ತದೆ. ತುರ್ತಿಗೆ ಹೊಸ ಕಟ್ಟಡ ಕಟ್ಟಲಾಗುವುದಿಲ್ಲ; ಇದ್ದದ್ದನ್ನೇ ಬಳಸಬೇಕು. ಹಾಗೆ ಬಳಸಿದಾಗಲೂ ಮಿಕ್ಕ ಕೆಲಸ ನಿಲ್ಲದಂತೆ ಮೊದಲೇ ಯೋಚಿಸಿಟ್ಟಿರುವುದಕ್ಕೇ ಅಲ್ಲವೇ ‘ವ್ಯವಸ್ಥೆ’ ಎನ್ನುವುದು?

ಪೇಟೆಯೊಳಗೆ

ಅವೆನ್ಯೂ ರಸ್ತೆಗೆ ದೊಡ್ಡಪೇಟೆ ಎಂಬ ಹೆಸರಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿದಾಗ ಇಲ್ಲಿನ ಗಲ್ಲಿಗಳ ಅಗಲ ಸರಿಯಾಗಿ ಕಾಣುತ್ತದೆ. ಅಗಲವೆಂದೆನೆ? ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟಬಹುದಾದ ಸಂದುಗಳೂ ಇವೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ. ಧಾನ್ಯದ ಮೂಟೆಗಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಪುಣೆ, ಹುಬ್ಬಳ್ಳಿ ದಾಟಿ ಮೀಟರ್ ಗೇಜ್ ರೈಲಿನ ದಾರಿ ಹಿಡಿದೇ ಬೆಂಗಳೂರಿಗೆ ಬಂತು. ರೈಲು ಅಕ್ಕಿ, ಬಟ್ಟೆಗಳ ಜೊತೆ ಇದನ್ನೂ ಇಳಿಸಿತು. ಪ್ಲೇಗಿನ ಸೂಕ್ಷ್ಮಜೀವಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದ. ಆದರೆ ಅದು ಮನುಷ್ಯನಿಗೆ ತಗಲುವುದು ಹೇಗೆ? ಇಲಿಯಿಂದ ಚಿಗಟದ ಮೂಲಕ ಎಂಬುದನ್ನು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ತೋರಿಸಿದ್ದು 1898ರ ಜೂನ್‌ನಲ್ಲಿ, ಕರಾಚಿಯಲ್ಲಿ. ಬೆಂಗಳೂರಿಗೆ ರೋಗ ಬರುವ ಎರಡೇ ತಿಂಗಳ ಮುಂಚೆ! ಆದರೆ ಅವನ ಮಾತನ್ನು ದೊಡ್ಡವರು ಒಪ್ಪಲು ಇನ್ನೂ ಹತ್ತಿರ ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ದೇಶದ ಪಟ್ಟಣಗಳಲ್ಲಿ ನಡೆದದ್ದು ಕತ್ತಲೆಯ ಗುದ್ದಾಟವೇ. ಮನೆಗಳಿಗೆ ಸುಣ್ಣ ಬಳಿದರು, ಔಷಧಿ ನೀರು ಸುರಿದರು, ಗಾಳಿ ಬೆಳಕು ಬರಲೆಂದು ಹೆಂಚು ತೆಗೆದರು, ಕೆಲವನ್ನು ಕೆಡವಿಯೇ ಬಿಟ್ಟರು. ಓಡಿಹೋದ ಇಲಿಗಳು ಪಕ್ಕದ ಮನೆ ಸೇರಿದವು.

ಆದರೂ ಅಂದಿನ ಮೈಸೂರು ಸರ್ಕಾರ ಕೈಕಟ್ಟಿ ಕೂರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರು. ಮುಂದೆ ತಾವೇ ದಿವಾನರಾದ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಊರಾಚೆ ಬಯಲಿನಲ್ಲಿ ಕ್ಯಾಂಪುಗಳು ಬಂದವು. ದೂರದ ಕ್ಯಾಂಪಿನಿಂದ ಸುದ್ದಿ ಬೇಗ ಮುಟ್ಟಬೇಕಲ್ಲ? ಪ್ಲೇಗ್ ಕೆಲಸಕ್ಕೆಂದೇ ಊರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಇಂದು ಅಂಗೈಯಲ್ಲಿ ಫೋನು ಹಿಡಿದ ಬೆಂಗಳೂರಿಗೆ ಅದರ ಆರಂಭದ ಕಥೆಯಲ್ಲಿ ಒಂದು ಸತ್ತ ಇಲಿಯೂ ಇದೆ ಎಂಬುದು ಗೊತ್ತಿಲ್ಲ.

ಆ ಕ್ಯಾಂಪುಗಳಲ್ಲಿ ದುಡಿದ ಒಬ್ಬ ವೈದ್ಯರ ಕಥೆ ಹೇಳಲೇಬೇಕು. ಡಾ. ಪಲ್ಪು. ತಿರುವನಂತಪುರದವರು, 1863ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಹೋದರೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಕಾರಣ? ಅವರು ಈಳವ ಜಾತಿಯವರು. ಮೈಸೂರು ಸಂಸ್ಥಾನ ಕೊಟ್ಟಿತು. ಇಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕೆಲಸದಲ್ಲಿದ್ದ ಅವರನ್ನು ಪ್ಲೇಗ್ ಕ್ಯಾಂಪಿಗೆ ಹಾಕಿದರು. ಬೆಂಗಳೂರಿನಲ್ಲೇ 1895ರಲ್ಲಿ ಹುಟ್ಟಿದ ಅವರ ಮಗನಿಗೆ ಆಗ ಮೂರು ವರ್ಷ. ಮುಂದೆ ನಟರಾಜ ಗುರು ಎಂದು ಹೆಸರಾದವರು ಆ ಮಗುವೇ. ಹೊತ್ತು ಮುಳುಗಿದ ಮೇಲೆ ಕ್ಯಾಂಪಿನಿಂದ ಮನೆಗೆ ಬಂದ ತಂದೆ ಆ ಮಗುವನ್ನು ಎತ್ತಿಕೊಳ್ಳಲು ಎಷ್ಟು ಹಿಂಜರಿದಿರಬೇಕು! ಬಳಿಕ ಮೈಸೂರು ಸರ್ಕಾರ ಅವರನ್ನು ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಕಳುಹಿಸಿತು. 1903ರಲ್ಲಿ ನಾರಾಯಣ ಗುರುಗಳ ಜೊತೆ ಎಸ್‌ಎನ್‌ಡಿಪಿ ಯೋಗಂ ಸ್ಥಾಪನೆಗೆ ಶ್ರಮಿಸಿದ ಪಲ್ಪು ಇವರೇ. ಒಂದು ಸಂಸ್ಥಾನ ಜಾತಿಯ ಹೆಸರಿನಲ್ಲಿ ಬಿಟ್ಟುಕೊಟ್ಟ ವೈದ್ಯ ಇನ್ನೊಂದು ಸಂಸ್ಥಾನಕ್ಕೆ ಕಷ್ಟಕಾಲದಲ್ಲಿ ಸಿಕ್ಕಿದ. ಬೆಂಗಳೂರಿನಲ್ಲಿ ಇವರನ್ನು ನೆನೆಯುವವರು ಎಷ್ಟು ಮಂದಿ?

ಲೆಕ್ಕಕ್ಕೆ ಬರೋಣ. 1891ರ ಜನಗಣತಿಯಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1,80,366. 1901ರಲ್ಲಿ 1,59,046. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಊರು ಇಪ್ಪತ್ತೊಂದು ಸಾವಿರದಷ್ಟು ಕುಗ್ಗಿತ್ತು. ಎಲ್ಲರೂ ಸತ್ತರೆಂದಲ್ಲ, ಊರು ಬಿಟ್ಟವರೂ ಅನೇಕರು. ಚಿಕ್ಕಪೇಟೆಯ ಗಲ್ಲಿಯ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತು ಹುಡುಗಿ ಈ ಅಂಕಿಗಳನ್ನು ಬರೆದುಕೊಂಡಳು.

ಊರು ಬಿಡುವುದೆಂದರೆ ನನಗೆ ಅಜ್ಜಿಯ ಮಾತು ನೆನಪಾಗುತ್ತದೆ. ಪ್ಲೇಗ್ 1898ಕ್ಕೆ ಮುಗಿಯಲಿಲ್ಲ; ಹತ್ತಾರು ವರ್ಷ ಮತ್ತೆ ಮತ್ತೆ ಬರುತ್ತಲೇ ಇತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕಂತೆ, ಪಾತ್ರೆ ಪಡಗ, ಕೋಳಿ ಕುರಿ ಸಮೇತ ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿತ್ತು. ಮಳೆ ಹನಿಯುವ ಗುಡಿಸಲಿನಲ್ಲಿ ಎರಡು ತಿಂಗಳು ಕಳೆದದ್ದನ್ನು ಅಜ್ಜಿ ಜಾತ್ರೆಯ ಕಥೆಯಂತೆ ಹೇಳುತ್ತಿದ್ದಳು. ‘ಸಂಸ್ಕಾರ’ ಕಾದಂಬರಿ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಸಾಯುವುದರ ಅರ್ಥ ಗೊತ್ತು. ಹಳ್ಳಿಗರಿಗೆ ಸೂಕ್ಷ್ಮಜೀವಿ ಗೊತ್ತಿರಲಿಲ್ಲ. ಆದರೆ ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಹಸಿದು ಮನುಷ್ಯನ ಮೇಲೆ ಹಾರುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯನೇ ಇರದಿದ್ದರೆ? ವಿಜ್ಞಾನಿಗಳು ಜಗಳವಾಡುತ್ತಿದ್ದಾಗ ರೈತರು ಸರಿಯಾದುದನ್ನೇ ಮಾಡುತ್ತಿದ್ದರು. ಹಾಗೆಂದು ಅವರು ಮಾಡಿದ್ದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಲಸಿಕೆ ಚುಚ್ಚಲು ಬಂದವರನ್ನು ಕಂಡು ಕಣಜದೊಳಗೆ ಅಡಗಿದ್ದನ್ನೂ ಅಜ್ಜಿಯೇ ಹೇಳಿದ್ದಳು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಆ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ ಎಂಬುದು ಅವಳಿಗೆ ಗೊತ್ತಿದ್ದರೆ ಹೊರಗೆ ಬರುತ್ತಿದ್ದಳೋ ಏನೋ.

ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಎಂಬ ದೇವತೆಗಳೂ ಆಗಲೇ ಹುಟ್ಟಿದ್ದು. ಇಂಗ್ಲಿಷ್ ಹೆಸರಿನ ಕಾಯಿಲೆಗೆ ಕನ್ನಡದ ಅರಿಶಿನ ಕುಂಕುಮ. ಹೆದರಿದ ಊರು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ.

ಅಗಲ ರಸ್ತೆ, ಹಿತ್ತಲ ಗಲ್ಲಿ

ಮೆಟ್ರೋ ಹಿಡಿದು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ ಹತ್ತಿರ. ದೋಸೆ ಬೇಡವೆಂದಿದ್ದವಳು ಗಾಂಧಿ ಬಜಾರಿನ ವಾಸನೆಗೆ ಮನಸ್ಸು ಬದಲಿಸಿದಳು. ಸರದಿಯಲ್ಲಿ ನಿಂತು ತಿಂದೆವು.

ಪೇಟೆಯಿಂದ ಇಲ್ಲಿಗೆ ಬಂದರೆ ಬೇರೆ ಊರಿಗೆ ಬಂದಂತೆ. ನೇರ ರಸ್ತೆ, ಮರ, ಎರಡು ಮನೆಗಳ ನಡುವೆ ಜಾಗ. ಪೇಟೆಯ ಇಕ್ಕಟ್ಟು ತಪ್ಪಿಸಲೆಂದು ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರಂ. ಹುಡುಗಿಗೆ ನಾನು ತೋರಿಸಬೇಕೆಂದಿದ್ದು ಮುಂದಿನ ರಸ್ತೆಗಳನ್ನಲ್ಲ, ಮನೆಗಳ ಬೆನ್ನಿಗಿರುವ ಕಿರುಗಲ್ಲಿಗಳನ್ನು. ಕನ್ಸರ್ವೆನ್ಸಿ ಗಲ್ಲಿ ಎಂದು ಹಳಬರು ಕರೆಯುತ್ತಾರೆ. ಒಳಚರಂಡಿ ಬರುವ ಮುಂಚೆ ಹಿತ್ತಲ ಕಕ್ಕಸಿನ ಮಲವನ್ನು ಹೊತ್ತು ಸಾಗಿಸಿದವರು ಈ ದಾರಿಯಲ್ಲಿ ಬರುತ್ತಿದ್ದರು, ಮುಂಬಾಗಿಲಿನವರ ಕಣ್ಣಿಗೆ ಬೀಳದಂತೆ. ಇಲ್ಲಿನ ರಸ್ತೆಗಳಿಗೆ ಬೇಕಾದಷ್ಟು ಗಣ್ಯರ ಹೆಸರುಗಳಿವೆ. ಈ ಗಲ್ಲಿಗಳಲ್ಲಿ ನಡೆದವರ ಹೆಸರನ್ನು ಯಾವ ಫಲಕದಲ್ಲೂ ನಾನು ಕಂಡಿಲ್ಲ. ಊರನ್ನು ರೋಗದಿಂದ ಕಾಪಾಡಿದವರ ಪಟ್ಟಿ ಮಾಡುವುದಾದರೆ ಅದು ಎಲ್ಲಿಂದ ಶುರುವಾಗಬೇಕು, ನೀವೇ ಹೇಳಿ.

ನಾನು ಈ ಮಾತು ಹೇಳಿದ ಮೇಲೆ ಹುಡುಗಿ ತನ್ನ ಅಮ್ಮನ ಸುದ್ದಿ ತೆಗೆದಳು. ಅತ್ತಿಗೆ ಆಶಾ ಕಾರ್ಯಕರ್ತೆ. 2020ರಲ್ಲಿ ಮನೆ ಮನೆ ಸುತ್ತಿ ಯಾರಿಗೆ ಜ್ವರ, ಯಾರು ಬೇರೆ ಊರಿಂದ ಬಂದರು ಎಂದು ಬರೆದುಕೊಂಡು ಬರುತ್ತಿದ್ದಳು. ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ‘ಅಮ್ಮನಿಗೆ ಮೊದಲು ಕೊಟ್ಟಿದ್ದು ಎರಡೇ ಮಾಸ್ಕ್. ರಾತ್ರಿ ಒಗೆದು ಒಣಗಿಸಿ ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಹೋಗೋಳು. ಅಪ್ಪನಿಗೆ ತನ್ನಿಂದಲೇ ಬಂತು ಅಂತ ಈಗಲೂ ಅಂದುಕೊಂಡಿದ್ದಾಳೆ’ ಎಂದಳು. ಐದು ವರ್ಷಗಳಲ್ಲಿ ಇದನ್ನು ನಾನು ಕೇಳಿದ್ದು ಮೊದಲ ಸಲ. ಅತ್ತಿಗೆ ನನ್ನೆದುರು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಗದಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಮುಷ್ಕರಕ್ಕೆ ಅತ್ತಿಗೆಯೂ ಹೋಗಿದ್ದಳು. ಪ್ರಶಸ್ತಿಯ ಸುದ್ದಿಯನ್ನು ಟೀವಿಯಲ್ಲಿ ನೋಡಿ ಚಾನೆಲ್ ಬದಲಾಯಿಸಿದಳಂತೆ.

ಅಲ್ಲಿಂದ ಆಟೋದಲ್ಲಿ ಫ್ರೇಜರ್ ಟೌನ್‌ಗೆ. ಈಗ ಪುಲಕೇಶಿನಗರ. ಬ್ರಿಟಿಷರ ದಂಡು ಪ್ರದೇಶದ ಕಡೆ 1910ರಲ್ಲಿ ಶುರುವಾದ ಬಡಾವಣೆ ಇದು. ಅಷ್ಟರಲ್ಲಿ ಇಲಿ ಮತ್ತು ಚಿಗಟದ ವಿಷಯ ಎಲ್ಲರೂ ಒಪ್ಪಿದ್ದರು. ಹೊಸ ತಿಳಿವಳಿಕೆ ಬಂದಾಗ ಊರು ಕಟ್ಟುವ ರೀತಿಯೂ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಪಾಠದಂತಿದೆ. ಬಸವನಗುಡಿಯಲ್ಲಿ ಜನರ ನಡುವೆ ಅಂತರ ಹೆಚ್ಚಿಸಿದರು. ಇಲ್ಲಿ ಇಲಿ ಮತ್ತು ಮನುಷ್ಯನ ನಡುವೆ ಅಂತರ ಹೆಚ್ಚಿಸಿದರು. ಎತ್ತರದ ಅಡಿಪಾಯ, ಬಿಲ ತೋಡಲಾಗದ ಗಟ್ಟಿ ನೆಲ, ಗಾಳಿ ಬೆಳಕಿಗೆ ಕಿಟಕಿ. ಮುನಿಸಿಪಾಲಿಟಿಯ ಅಧಿಕಾರಿಯಾಗಿದ್ದ ಜೆ.ಎಚ್. ಸ್ಟೀಫನ್ಸ್ ಪ್ಲೇಗ್ ನಿರೋಧಕ ಪಟ್ಟಣ ಕಟ್ಟುವ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಹೆಸರಿನ ರಸ್ತೆಯೂ ಇಲ್ಲಿದೆ. ಹಳೆಯ ಬಂಗಲೆಗಳು ಈಗ ಕೈಬೆರಳಲ್ಲಿ ಎಣಿಸುವಷ್ಟು. ಉಳಿದ ಕಡೆ ನಾಲ್ಕು ಅಂತಸ್ತು, ಕೆಳಗೆ ಕಬಾಬಿನ ಅಂಗಡಿ. ಕೋಲ್ಸ್ ಪಾರ್ಕಿನ ಬೆಂಚಿನ ಮೇಲೆ ಕೂತು ನೀರು ಕುಡಿದೆವು. ಕಲ್ಲಿನ ಸಂದಿನಿಂದ ಒಂದು ಹೆಗ್ಗಣ ಇಣುಕಿ ಓಡಿತು. ಸ್ಟೀಫನ್ಸ್ ನೋಡಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದ!

‘ಈಗ ಪ್ಲೇಗ್ ಇಲ್ಲವಲ್ಲ?’

ಇಲ್ಲವೆನ್ನಲಾಗುವುದಿಲ್ಲ. 1994ರಲ್ಲಿ ಸೂರತ್‌ನಲ್ಲಿ ಕಾಣಿಸಿಕೊಂಡಾಗ ಲಕ್ಷಾಂತರ ಜನ ರೈಲು ಹತ್ತಿ ಓಡಿದರು. ಮರುವರ್ಷ ಬಂದ ಕಮಿಷನರ್ ಎಸ್.ಆರ್. ರಾವ್ ಕಸ ಎತ್ತುವುದನ್ನು, ಅಧಿಕಾರಿಗಳು ದಿನಾ ಬೆಳಿಗ್ಗೆ ಬೀದಿಗಿಳಿಯುವುದನ್ನು ಕಡ್ಡಾಯ ಮಾಡಿ, ದೇಶದ ಕೊಳಕು ಊರೆನಿಸಿದ್ದನ್ನು ಸ್ವಚ್ಛ ಊರೆಂದು ಹೆಸರು ಬರುವಂತೆ ಮಾಡಿದರು. ಅದು ಗುಜರಾತಿನ ಮಾತಾಯಿತು. ನಮ್ಮ ಪಕ್ಕದಲ್ಲೇ ಕೋಲಾರ, ಚಿತ್ತೂರು, ಹೊಸೂರು ಕಡೆಯ ಗಡಿಯ ಕಾಡು ಬಯಲುಗಳು ಹಿಂದಿನಿಂದ ಪ್ಲೇಗಿನ ನೆಲೆಗಳು. ಅದಕ್ಕಾಗಿಯೇ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವೊಂದು ಬೆಂಗಳೂರಿನಲ್ಲಿದೆ. ಅಲ್ಲಿನವರ ಕೆಲಸ ಬೋನಿಟ್ಟು ಇಲಿ ಹಿಡಿಯುವುದು, ಚಿಗಟ ಎಣಿಸುವುದು, ರಕ್ತ ಪರೀಕ್ಷಿಸುವುದು. ಊರಿನಲ್ಲಿ ಪ್ಲೇಗ್ ಇಲ್ಲದಿರುವಾಗ ಪ್ಲೇಗನ್ನು ಹುಡುಕುವ ಕೆಲಸ. ಏನೂ ಸಿಗದಿದ್ದರೆ ಅದು ಒಳ್ಳೆಯ ವರ್ಷ, ಆದರೆ ಏನೂ ಸಿಗದ ಕೆಲಸಕ್ಕೆ ಹಣ ಏಕೆಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕೋವಿಡ್ ಬಂದ ಮೇಲೆ ಬೆಂಗಳೂರಿನ ಕೊಳಚೆ ನೀರಿನಲ್ಲಿ ವೈರಸ್ಸಿನ ಕುರುಹು ಹುಡುಕುವುದನ್ನು 2021ರಲ್ಲಿ ಶುರು ಮಾಡಿದ್ದೂ ಇದೇ ಜಾತಿಯ ಕೆಲಸ. ಆಸ್ಪತ್ರೆಗೆ ರೋಗಿ ಬರುವ ಮುಂಚೆಯೇ ಮೋರಿ ಹೇಳುತ್ತದೆ.

ಕಾನೂನಿನ ಸಂಗತಿ ಕೇಳಿ. ಪ್ಲೇಗ್ ತಡೆಯಲೆಂದು ಬ್ರಿಟಿಷರು 1897ರಲ್ಲಿ ಅವಸರದಿಂದ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆ ಬೆರಳೆಣಿಕೆಯ ಕಲಮುಗಳದು. 2020ರ ಮಾರ್ಚಿನಲ್ಲಿ ಕೋವಿಡ್ ಎದುರಿಸಲು ನಾವು ತೆಗೆದದ್ದೂ ಅದನ್ನೇ. ನೂರಿಪ್ಪತ್ತಮೂರು ವರ್ಷ ಹಳೆಯ ಕೊಡೆ! ಯಾರನ್ನು ತಡೆಯಬಹುದು, ಯಾರನ್ನು ಶಿಕ್ಷಿಸಬಹುದು ಎಂಬುದು ಅದರಲ್ಲಿತ್ತು. ಹಾಸಿಗೆ, ಆಮ್ಲಜನಕ, ಎರಡಕ್ಕಿಂತ ಹೆಚ್ಚು ಮಾಸ್ಕ್ ಒದಗಿಸುವುದು ಯಾರ ಹೊಣೆ ಎಂಬುದು ಇರಲಿಲ್ಲ.

ಕೊನೆಗೆ ಹಳೆ ಮದ್ರಾಸ್ ರಸ್ತೆಗೆ ಬಂದೆವು. ಇಂದಿರಾನಗರದ ಥಳುಕಿನ ಅಂಗಡಿಗಳಿಗೆ ಇಷ್ಟು ಹತ್ತಿರದಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಇದೆ ಎಂಬುದು ಆ ದಾರಿಯಲ್ಲಿ ದಿನಾ ಓಡಾಡುವವರಿಗೂ ಗೊತ್ತಿಲ್ಲ. ಜನ ಕರೆಯುವುದು ‘ಐಸೋಲೇಷನ್ ಆಸ್ಪತ್ರೆ’ ಎಂದು. ಬೇಸಿಗೆಯಲ್ಲಿ ಕಾಲರಾ, ಹುಚ್ಚುನಾಯಿ ಕಚ್ಚಿದವರು, ಬೇರೆ ಕಡೆ ಸೇರಿಸಿಕೊಳ್ಳಲು ಹೆದರುವ ರೋಗಿಗಳು ಬಂದು ಸೇರುತ್ತಿದ್ದದ್ದು ಇಲ್ಲಿಗೆ. ಒಂದು ಕಾಲಕ್ಕೆ ಇದು ಊರಾಚೆ ಇತ್ತು. ಊರು ಬೆಳೆದು ಇದನ್ನು ನುಂಗಿ ಮುಂದೆ ಹೋಯಿತು; ಪಕ್ಕದಲ್ಲೇ ಮೆಟ್ರೋ ರೈಲು ಓಡುತ್ತದೆ.

ಸಂಜೆಯಾಗಿತ್ತು. ಗೇಟಿನ ಒಳಗೆ ಮರಗಳು, ಹಕ್ಕಿಗಳ ಗಲಾಟೆ, ಒಣಗಲು ಹಾಕಿದ ಒಂದು ಸಾಲು ಬಿಳಿ ಹೊದಿಕೆ. ಅಣ್ಣನ ಮಗಳು ಸರಳು ಹಿಡಿದುಕೊಂಡು ಬಹಳ ಹೊತ್ತು ನೋಡುತ್ತಿದ್ದಳು. ಕಾವಲಿನವನು ಎದ್ದು ಬಂದ.

‘ಯಾರಿಗಮ್ಮಾ, ಏನಾಗಿದೆ? ಒಳಗೆ ಬನ್ನಿ, ಹಾಸಿಗೆ ಇದೆ.’

‘ಯಾರಿಗೂ ಏನೂ ಇಲ್ಲ. ಸುಮ್ಮನೆ ನೋಡೋಕೆ ಬಂದ್ವಿ’ ಎಂದಳು ಹುಡುಗಿ.

ನೋಡೋಕೆ ಬಂದವರನ್ನು ಅವನು ಹಿಂದೆ ಕಂಡಿರಲಿಲ್ಲವೆಂದು ತೋರುತ್ತದೆ. ನಮ್ಮಿಬ್ಬರನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಗೇಟನ್ನು ಅರ್ಧ ತೆರೆದು ಹಿಡಿದು ನಿಂತ.